ಮಳೆಗಾಲ ಕಳೆದ ಮೇಲೆ ಬೋಟಿನ ಸೀಟಿಗೆ ಹಿಡಿದ ಬೂಷ್ಟು ತೆಗೆಯುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಹೊನ್ನಾವರದ ಶರಾವತಿ ಹೊಳೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಸಣ್ಣ ಫೈಬರ್ ಬೋಟ್ ನಿಮ್ಮದು. ಮಳೆಗಾಲದಲ್ಲಿ ದಡಕ್ಕೆ ಎಳೆದು ಟಾರ್ಪಾಲು ಬಿಗಿದು ಇಟ್ಟಿದ್ದಿರಿ. ಈಗ ಬಿಚ್ಚಿ ನೋಡಿದರೆ ಬಿಳಿ ರೆಕ್ಸಿನ್ ಸೀಟಿನ ತುಂಬ ಕಪ್ಪು ಚುಕ್ಕೆ, ಒಂದೆರಡು ಕಡೆ ಗುಲಾಬಿ ಕಲೆ, ಮುಗ್ಗಲು ವಾಸನೆ. ಒಬ್ಬರು ಥಿನ್ನರ್ ಹಾಕಿ ಒರೆಸಿ ಅಂದರು, ಇನ್ನೊಬ್ಬರು ಬ್ಲೀಚಿಂಗ್ ಪೌಡರ್ ಅಂದರು. ಯಾವುದು ಸರಿ?

ಎರಡೂ ಬೇಡ. ನಾನು ಕುಂದಾಪುರದ ಕಡೆ ಕುಶನ್ ಕೆಲಸ ಮಾಡುವವನು. ಬಸ್ಸಿನ ಸೀಟೂ ಕಟ್ಟುತ್ತೇನೆ, ಬೋಟಿನ ಸೀಟೂ ಕಟ್ಟುತ್ತೇನೆ. ನನ್ನ ಹತ್ತಿರ ಬರುವ ಬೋಟಿನ ಸೀಟುಗಳಲ್ಲಿ ಬಿಸಿಲು ಮಳೆಗೆ ಹಾಳಾದವೂ ಇರುತ್ತವೆ, ತಪ್ಪಾಗಿ ತೊಳೆದು ಹಾಳಾದವೂ ಇರುತ್ತವೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಸೋಪು ಮುಟ್ಟುವ ಮೊದಲು ಹೊಲಿಗೆಯ ಪಕ್ಕ ಅಂಗೈ ಊರಿ ಜೋರಾಗಿ ಒತ್ತಿ ನೋಡಿ. ನೀರು ಜಿನುಗಿದರೆ, ಅಥವಾ ಒತ್ತಿದಾಗ ವಾಸನೆ ಜಾಸ್ತಿ ಬಂದರೆ, ಬೂಷ್ಟು ಬರೀ ಮೇಲಿಲ್ಲ. ಒಳಗಿನ ಫೋಮ್ ನೀರು ಕುಡಿದು ಕೂತಿದೆ. ರೆಕ್ಸಿನ್ ನೀರನ್ನು ಒಳಗೆ ಬಿಡುವುದಿಲ್ಲ, ಆದರೆ ಹೊಲಿಗೆಯ ಸೂಜಿ ತೂತುಗಳು ಬಿಡುತ್ತವೆ. ಒಳಗೆ ಹೋದ ನೀರಿಗೆ ಹೊರಬರುವ ದಾರಿ ಇರುವುದಿಲ್ಲ. ಜೊತೆಗೆ ನಿಮ್ಮಲ್ಲಿ ಹೊಳೆ ಕಡಲು ಸೇರುವ ಜಾಗ, ನೀರಲ್ಲಿ ಉಪ್ಪಿದೆ. ಫೋಮಿನೊಳಗೆ ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಮೇಲೆ ಎಷ್ಟು ತಿಕ್ಕಿದರೂ ಅಂಥ ಸೀಟಿನಲ್ಲಿ ಸ್ವಲ್ಪ ದಿನಕ್ಕೇ ಮತ್ತೆ ಚುಕ್ಕೆ ಏಳುತ್ತದೆ.

ಒಳಗೆ ಒದ್ದೆ ಇದ್ದರೆ ಬಿಚ್ಚಲೇಬೇಕು. ಸೀಟು ಮಗುಚಿ ಹಾಕಿ, ತಳದ ಸ್ಟೇಪಲ್ ಪಿನ್ನುಗಳನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ಇಕ್ಕಳದಲ್ಲಿ ಕೀಳಿ. ಫೋಮ್ ಹೊರತೆಗೆದು ಸಿಹಿನೀರಿನಲ್ಲಿ ಅದ್ದಿ, ಒತ್ತಿ ಒತ್ತಿ ಉಪ್ಪು ಬಿಡಿಸಿ. ಬಟ್ಟೆಯ ಹಾಗೆ ಹಿಂಡಬೇಡಿ, ಹರಿಯುತ್ತದೆ. ಆಮೇಲೆ ನೆರಳಲ್ಲಿ, ಗಾಳಿ ಆಡುವ ಕಡೆ ನಿಲ್ಲಿಸಿ ಒಣಗಿಸಿ. ಬಿಸಿಲಿಗೆ ಬಿಟ್ಟರೆ ಫೋಮ್ ಹಳದಿಯಾಗಿ ಪುಡಿ ಉದುರಲು ಶುರುವಾಗುತ್ತದೆ. ಈಗಾಗಲೇ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತಿದೆ ಅಂದರೆ ಉಳಿಸುವ ಪ್ರಯತ್ನ ಬೇಡ, ಹೊಸದು ಹಾಕಿಸಿ. 40 ಡೆನ್ಸಿಟಿ (ಘನ ಮೀಟರಿಗೆ 40 ಕೆಜಿ ತೂಗುವ) ಫೋಮ್ ಕೇಳಿ. ಚೂರುಗಳನ್ನು ಅಂಟಿಸಿ ಮಾಡಿದ ರೀಬಾಂಡೆಡ್ ಫೋಮ್ ಅಗ್ಗ, ಗಟ್ಟಿ, ಆದರೆ ಬೋಟಿಗೆ ಸಲ್ಲ. ನೀರು ಹಿಡಿದರೆ ಬಿಡುವುದಿಲ್ಲ.

ಬಿಚ್ಚಿದಾಗ ಹಲಗೆಯನ್ನೂ ನೋಡಿ. ಮನೆಯ ಫರ್ನಿಚರಿಗೆ ಹಾಕುವ ಸಾಮಾನ್ಯ ಪ್ಲೈ ಆಗಿದ್ದರೆ ಪದರ ಬಿಟ್ಟಿರುತ್ತದೆ. ಬದಲಾಯಿಸುವುದಾದರೆ ಐಎಸ್ 710 ಎಂಬ ಭಾರತೀಯ ಮಾನಕದ ಗುರುತು ಇರುವ, ನೀರು ತಡೆಯುವ ಮರೈನ್ ಪ್ಲೈ ತನ್ನಿ. ಕೊಯ್ದ ಅಂಚಿಗೆಲ್ಲ ಎಪಾಕ್ಸಿ (ಒಣಗಿ ಗಟ್ಟಿಯಾಗಿ ನೀರು ತಡೆಯುವ ಅಂಟು) ಹಚ್ಚಿಸಿ. ತಳದಲ್ಲಿ ಬೆರಳ ತುದಿ ಗಾತ್ರದ ತೂತುಗಳನ್ನು ಕೊರೆಸಿ, ಅದರ ಒಳಗೋಡೆಗೂ ಎಪಾಕ್ಸಿ ಮುಟ್ಟಲಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹೊಡೆಯುವ ಬದಲು ಸೊಳ್ಳೆ ಪರದೆಯಂಥ ಜಾಳಿಗೆ ಹೊಡೆಸಿದರೆ ನೀರು ಇಳಿದು ಹೋಗುತ್ತದೆ. ಪಿನ್ನು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೇ ಆಗಲಿ. ಮಾಮೂಲಿ ಪಿನ್ನು ಉಪ್ಪುಗಾಳಿಗೆ ತುಕ್ಕು ಹಿಡಿದು ರೆಕ್ಸಿನ್ ಮೇಲೆ ಕೆಂಪು ಗೆರೆ ಇಳಿಸುತ್ತದೆ. ಇದಿಷ್ಟಕ್ಕೆ ಖರ್ಚು ಸ್ವಲ್ಪ ಜಾಸ್ತಿ, ನಿಜ. ಆದರೆ ವರ್ಷ ವರ್ಷ ಸೀಟು ಕಟ್ಟಿಸುವುದಕ್ಕಿಂತ ಕಡಿಮೆ.

ಇನ್ನು ಮೇಲಿನ ಕಪ್ಪು ಚುಕ್ಕೆ. ಬೂಷ್ಟು ತಿನ್ನುವುದು ಹೆಚ್ಚಾಗಿ ರೆಕ್ಸಿನ್ ಮೇಲೆ ಕೂತ ಕೊಳೆಯನ್ನು. ಬೆವರು, ತಲೆಗೆ ಹಚ್ಚಿದ ಎಣ್ಣೆ, ಸನ್‌ಸ್ಕ್ರೀನ್, ತಿಂಡಿಯ ಜಿಡ್ಡು. ಹಾಗಾಗಿ ಪಾತ್ರೆ ತೊಳೆಯುವ ದ್ರವ ಸ್ವಲ್ಪ, ಉಗುರುಬೆಚ್ಚಗಿನ ನೀರು, ಮೆತ್ತನೆಯ ಬ್ರಷ್ ಸಾಕು. ಪೈಪಿಂಗಿನ (ಅಂಚಿನುದ್ದಕ್ಕೂ ಹೊಲಿದ ದುಂಡು ಪಟ್ಟಿಯ) ಸಂದು, ಹೊಲಿಗೆಯ ಗೆರೆ ಇವುಗಳಿಗೆ ಹಳೆಯ ಟೂತ್‌ಬ್ರಷ್. ತೊಳೆದು ಕೂಡಲೇ ಒಣಬಟ್ಟೆಯಲ್ಲಿ ಒರೆಸಿ. ಉಳಿದ ಚುಕ್ಕೆಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ತನ್ನಿ. ಸಾಮಾನ್ಯವಾಗಿ ಅದು ಶೇಕಡಾ 6ರದ್ದು. ಅಷ್ಟೇ ನೀರು ಬೆರೆಸಿದರೆ ಶೇಕಡಾ 3 ಆಗುತ್ತದೆ. ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ನೋಡಿ. ಸರಿ ಅನಿಸಿದರೆ ಚುಕ್ಕೆ ಮೇಲೆ ಹತ್ತು ನಿಮಿಷ ಬಿಟ್ಟು, ತಿಕ್ಕಿ ತೊಳೆಯಿರಿ. ಕೈಗವಸು ಹಾಕಿಕೊಳ್ಳಿ. ಬೂಷ್ಟಿನ ಧೂಳು ಎದೆಗೆ ಒಳ್ಳೆಯದಲ್ಲ, ಮೂಗಿಗೆ ಬಟ್ಟೆಯಾದರೂ ಇರಲಿ.

ಥಿನ್ನರ್ ಯಾಕೆ ಬೇಡ ಅಂದರೆ, ರೆಕ್ಸಿನ್ ಅಂದರೆ ಬಟ್ಟೆಯ ಮೇಲೆ ಬಳಿದ ಪಿವಿಸಿ. ಪಿವಿಸಿ ಹುಟ್ಟಾ ಗಟ್ಟಿ. ಅದು ಮೆತ್ತಗಿರುವುದು ಒಳಗೆ ಬೆರೆಸಿದ ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ವಸ್ತುವಿನಿಂದ. ಥಿನ್ನರ್, ಪೆಟ್ರೋಲ್, ಅಸಿಟೋನ್ ಅದನ್ನು ಹೀರಿ ತೆಗೆಯುತ್ತವೆ, ಮೇಲಿನ ಕಾಪು ಪದರವನ್ನೂ ಕರಗಿಸುತ್ತವೆ. ಅವತ್ತು ಸೀಟು ಫಳಫಳ ಹೊಳೆಯುತ್ತದೆ. ಬೇಸಿಗೆಯ ಹೊತ್ತಿಗೆ ಗಡುಸಾಗಿ ಬಿರುಕು ಬಿಡುತ್ತದೆ. ಸ್ಟೀಲ್ ಸ್ಕ್ರಬ್ಬರ್ ಉಜ್ಜಿದರೂ ಅಷ್ಟೇ, ಗೀರಿನೊಳಗೆ ಮುಂದಿನ ಬೂಷ್ಟಿಗೆ ಮನೆ ಮಾಡಿಕೊಟ್ಟ ಹಾಗೆ. ಬ್ಲೀಚಿಂಗ್ ಪೌಡರ್ ಹತ್ತಿ ಮತ್ತು ನೈಲಾನ್ ದಾರವನ್ನು ತಿನ್ನುತ್ತದೆ. ರೆಕ್ಸಿನ್ ಚೆನ್ನಾಗಿಯೇ ಇದ್ದು ಹೊಲಿಗೆ ಮಾತ್ರ ಬಿಟ್ಟ ಸೀಟುಗಳನ್ನು ನಾನು ಎಷ್ಟೋ ನೋಡಿದ್ದೇನೆ. ಇನ್ನೊಂದು ಮಾತು ದಯವಿಟ್ಟು ಮರೆಯಬೇಡಿ: ಬ್ಲೀಚಿಗೆ ವಿನೆಗರ್ ಆಗಲಿ ಇನ್ಯಾವುದೇ ಆಮ್ಲ ಆಗಲಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕ್ಯಾಬಿನ್ನಿನ ಒಳಗೆ ಕೂತು ಹಾಗೆ ಮಾಡಿದರೆ ಜೀವಕ್ಕೇ ಅಪಾಯ.

ಗುಲಾಬಿ ಕಲೆಯ ವಿಷಯದಲ್ಲಿ ಕೆಟ್ಟ ಸುದ್ದಿ. ಅದು ಕೊಳೆಯಲ್ಲ. ಒದ್ದೆ ಫೋಮಿನಲ್ಲಿ, ರೆಕ್ಸಿನ್ನಿನ ಹಿಂಬದಿಯಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ಬಣ್ಣ. ಅದು ಪಿವಿಸಿಯೊಳಗೇ ಕರಗಿ ಮೇಲಕ್ಕೆ ಬರುತ್ತದೆ. ಏನು ಹಚ್ಚಿದರೂ ಪೂರ್ತಿ ಹೋಗುವುದಿಲ್ಲ. ಆ ಜಾಗದ ಒಳಗೆ ನೀರಿದೆ ಎಂದು ತಿಳಿದುಕೊಂಡು ಮೊದಲು ಅದನ್ನೇ ಬಿಚ್ಚಿ. ರೆಕ್ಸಿನ್ ಬದಲಿಸುವುದಾದರೆ ಅಂಗಡಿಯಲ್ಲಿ ಹಿಂಬದಿ ತಿರುಗಿಸಿ ನೋಡಿ. ಹತ್ತಿ ಬಟ್ಟೆ ಇದ್ದರೆ ಬಿಡಿ, ಪಾಲಿಯೆಸ್ಟರ್ ಇದ್ದರೆ ತೆಗೆದುಕೊಳ್ಳಿ. ಸೋಫಾ ರೆಕ್ಸಿನ್ ಬೇಡ, ಬೋಟಿಗೆಂದೇ ಬರುವ ರೆಕ್ಸಿನ್, ಅಂದರೆ ಮರೈನ್ ವಿನೈಲ್ ಎಂದೇ ಕೇಳಿ. ದಾರವೂ ಪಾಲಿಯೆಸ್ಟರ್‌ದೇ ಆಗಲಿ, ನೈಲಾನ್ ಬಿಸಿಲಿಗೆ ಬೇಗ ಸಾಯುತ್ತದೆ.

ನಿಮ್ಮ ಕಡೆ ಜನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಲು ಬರುತ್ತಾರಲ್ಲ, ಕಾಲಿನ ಕರಿಕೆಸರು ಸೀಟಿಗೆ ಮೆತ್ತುತ್ತದೆ. ಅದರಲ್ಲಿ ಕಬ್ಬಿಣದ ಅಂಶ ಇರುತ್ತದೆ, ಒಣಗಿದರೆ ತುಕ್ಕಿನ ಬಣ್ಣ ಉಳಿಯುತ್ತದೆ. ಹಸಿ ಇರುವಾಗಲೇ ತಣ್ಣೀರು ಸುರಿದು ತೆಗೆಯಿರಿ. ಉಳಿದರೆ ನಿಂಬೆರಸ ಹಚ್ಚಿ ತೊಳೆಯಿರಿ. ಇದಕ್ಕೆ ಬ್ಲೀಚ್ ಹಾಕಿದರೆ ಕಲೆ ಇನ್ನೂ ಕಚ್ಚುತ್ತದೆ.

ತೊಳೆದ ಮೇಲೆ ಹೊಳಪಿಗೆ ತೆಂಗಿನೆಣ್ಣೆ ಸವರುವ ಪದ್ಧತಿ ನಮ್ಮ ಕರಾವಳಿಯಲ್ಲಿ ಇದೆ. ಬಿಟ್ಟುಬಿಡಿ, ಅದು ಬೂಷ್ಟಿಗೆ ಊಟ. ವಿನೈಲಿಗೆಂದೇ ಬರುವ, ಬಿಸಿಲು ತಡೆಯುವ ನೀರು ಆಧಾರದ ದ್ರವವನ್ನು ಬೇಸಿಗೆಯಲ್ಲಿ ಆಗಾಗ ಒರೆಸಿದರೆ ಸಾಕು. ದಿನದ ಕೊನೆಯ ಟ್ರಿಪ್ ಆದ ಮೇಲೆ ಸಿಹಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಲ್ಲಿ ಒಮ್ಮೆ, ಒಣಬಟ್ಟೆಯಲ್ಲಿ ಒಮ್ಮೆ ಒರೆಸುವುದನ್ನು ಮಾತ್ರ ತಪ್ಪಿಸಬೇಡಿ.

ಮುಂದಿನ ಜೂನ್ ಬರುವ ಮೊದಲು ಬಿಚ್ಚಲು ಬರುವ ಸೀಟುಗಳನ್ನೆಲ್ಲ ಮನೆಗೆ ತನ್ನಿ. ಒಂದರ ಮೇಲೊಂದು ಪೇರಿಸದೆ, ಅಂಚಿನ ಮೇಲೆ ನಿಲ್ಲಿಸಿ, ನಡುವೆ ಗಾಳಿಗೆ ಜಾಗ ಬಿಡಿ. ಬೋಟಿನಲ್ಲೇ ಉಳಿಯುವ ಸೀಟಿದ್ದರೆ ಟಾರ್ಪಾಲು ಸೀಟಿಗೆ ತಾಗದಂತೆ ಬಿದಿರಿನ ಗಳ ಕಟ್ಟಿ ಎತ್ತರಿಸಿ, ಎರಡೂ ತುದಿ ಗಾಳಿಗೆ ತೆರೆದಿಡಿ.

ಸೀಟಿನ ತಳದ ಫೋಟೋ ಒಂದು ಹಾಕಿ. ಹಲಗೆ ಉಳಿಯುತ್ತದಾ ಇಲ್ಲವಾ ಎಂದು ನೋಡಿ ಹೇಳುತ್ತೇನೆ.