ಒಬ್ಬರೇ ಕೊಚ್ಚಿಗೆ ಹೋದಾಗ ಮೊದಲ ದಿನವೇ ಮಳೆ ಹಿಡಿದರೆ ಏನು ಮಾಡಬೇಕು?

ಜೂನ್ ತಿಂಗಳಲ್ಲಿ ಒಬ್ಬರೇ ಮೊದಲ ಬಾರಿಗೆ ಕೊಚ್ಚಿಗೆ ಹೊರಟಿದ್ದೀರಿ. ಇಳಿದ ದಿನವೇ ಮಳೆ ಹಿಡಿದುಕೊಂಡರೆ ಕೋಣೆಯಲ್ಲೇ ಉಳಿಯಬೇಕೇ, ಹೊರಗೆ ಹೋಗುವುದಾದರೆ ಎಲ್ಲಿಗೆ ಹೋಗಬೇಕು ಎಂದು ಕೇಳಿದ್ದೀರಿ. ಖಂಡಿತ ಹೊರಗೆ ಹೋಗಿ. ಆದರೆ ಇಡೀ ನಗರವನ್ನು ಸುತ್ತುವ ಯೋಜನೆಯನ್ನು ಆ ದಿನದ ಮಟ್ಟಿಗೆ ಕೈಬಿಟ್ಟು, ಮಟ್ಟಾಂಚೇರಿ ಎಂಬ ಒಂದೇ ಪ್ರದೇಶಕ್ಕೆ ದಿನವನ್ನು ಮೀಸಲಿಡಿ. ನಾನು ವಿಜಯಪುರ ಜಿಲ್ಲೆಯವನು. ಗಂಟೆಗಟ್ಟಲೆ ಬಿಡದೆ ಸುರಿಯುವ ಮಳೆಯಲ್ಲಿ ಗೊತ್ತಿಲ್ಲದ ಊರೊಂದನ್ನು ಒಬ್ಬನೇ ಸುತ್ತಿದ ಮೊದಲ ಅನುಭವ ನನಗೆ ಕೊಚ್ಚಿಯಲ್ಲಿಯೇ ಆದದ್ದರಿಂದ, ನಿಮ್ಮ ಆತಂಕ ಎಂಥದ್ದೆಂದು ಬಲ್ಲೆ.

ಮಳೆಗಾಲದ ಕೊಚ್ಚಿಯೆಂದರೆ ಕೆಟ್ಟುಹೋದ ಪ್ರವಾಸ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪ್ರವಾಹದಿಂದ ಉತ್ತರಕ್ಕಿದ್ದ ಪ್ರಾಚೀನ ಮುಜಿರಿಸ್ ಬಂದರಿನಲ್ಲಿ ಹೂಳು ತುಂಬಿತು, ಕೊಚ್ಚಿಯ ಬಳಿ ಅಳಿವೆ ಅಗಲವಾಗಿ ತೆರೆದುಕೊಂಡು ಹೊಸ ಬಂದರು ರೂಪುಗೊಂಡಿತು ಎಂಬುದು ಈ ನಗರದ ಹುಟ್ಟಿಗೆ ಸಾಮಾನ್ಯವಾಗಿ ಕೊಡುವ ವಿವರಣೆ. ಮಲೆನಾಡಿನಲ್ಲಿ ಮೆಣಸು ಬೆಳೆಯಲು ನೈಋತ್ಯ ಮುಂಗಾರು ಬೇಕಿತ್ತು. ಆ ಮೆಣಸನ್ನು ಅರಸಿ ಅರಬ್ಬರ ಹಾಯಿಹಡಗುಗಳು ಸಮುದ್ರ ದಾಟಿ ಬರಲು ಬೇಕಾಗಿದ್ದುದೂ ಮುಂಗಾರಿನ ಗಾಳಿಯೇ. ಈ ಊರನ್ನು ಕಟ್ಟಿದ್ದೇ ಮಳೆ ಎಂದು ತಿಳಿದು ಹೋದರೆ ಅಲ್ಲಿನ ಸೂರು, ಅಂಗಳ, ಗೋದಾಮುಗಳೆಲ್ಲ ಬೇರೆಯಾಗಿ ಕಾಣತೊಡಗುತ್ತವೆ.

ಎರ್ನಾಕುಲಂ ಕಡೆಯಲ್ಲಿ ತಂಗಿದ್ದರೆ ಆಟೋ ಹಿಡಿದು ಸೇತುವೆಗಳ ಮೇಲಿನ ವಾಹನದಟ್ಟಣೆಯಲ್ಲಿ ಸಿಲುಕುವುದಕ್ಕಿಂತ ನೀರಿನ ದಾರಿಯೇ ಮೇಲು. ಹೈಕೋರ್ಟ್ ನಿಲ್ದಾಣದಿಂದ ಮಟ್ಟಾಂಚೇರಿಗೆ ಹೊಂದಿಕೊಂಡ ಫೋರ್ಟ್ ಕೊಚ್ಚಿಗೆ ವಾಟರ್ ಮೆಟ್ರೋ ಎಂಬ ದೋಣಿ ಸೇವೆ ಇದೆ. ಮುಖ್ಯ ಜೆಟ್ಟಿಯಿಂದ ರಾಜ್ಯ ಜಲಸಾರಿಗೆ ಇಲಾಖೆಯ ಹಳೆಯ ದೋಣಿಗಳೂ ಹೋಗುತ್ತವೆ, ಅವುಗಳ ದರ ಬಹಳ ಕಡಿಮೆ. ಮಳೆಯ ತೆರೆ ಹಿನ್ನೀರಿನ ಮೇಲೆ ಸರಿದು ಬರುವುದನ್ನು ಹತ್ತಿರದಿಂದ ನೋಡುವ ಮನಸ್ಸಿದ್ದರೆ ಹಳೆಯ ದೋಣಿಯನ್ನೇ ಹತ್ತಿ.

ಮೊದಲು ಮಟ್ಟಾಂಚೇರಿ ಅರಮನೆಗೆ ಹೋಗಿ. ಪೋರ್ಚುಗೀಸರು ಸುಮಾರು 1555ರಲ್ಲಿ ಕೊಚ್ಚಿಯ ರಾಜನಿಗಾಗಿ ಕಟ್ಟಿಸಿದ ಈ ಕಟ್ಟಡವನ್ನು 1663ರ ನಂತರ ಡಚ್ಚರು ದುರಸ್ತಿ ಮಾಡಿಸಿದ್ದರಿಂದ ಜನ ಇದನ್ನು ಡಚ್ ಅರಮನೆ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಅರಮನೆಯೆಂಬ ಭಾವನೆಯೇ ಬಾರದಷ್ಟು ಸರಳವಾಗಿದೆ. ಒಳಗೆ ಮಾತ್ರ ಕೇರಳದ ನಾಲುಕೆಟ್ಟಿನ ವಿನ್ಯಾಸವಿದೆ: ನಾಲ್ಕು ಕಡೆ ಕಟ್ಟಡ, ನಡುವೆ ಆಕಾಶಕ್ಕೆ ತೆರೆದ ಅಂಗಳ, ಆ ಅಂಗಳದಲ್ಲಿ ಪಳಯನ್ನೂರು ಭಗವತಿಯ ಗುಡಿ. ಹಳೆಯ ಮೈಸೂರು ಭಾಗದ ತೊಟ್ಟಿಮನೆಯನ್ನು ಕಂಡವರಿಗೆ ಈ ವಿನ್ಯಾಸ ಹೊಸದೆನಿಸದು. ಆದರೆ ನಮ್ಮ ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ಬೆಳೆದ ನನಗೆ, ಮಳೆಯನ್ನು ಹೊರಗೆ ತಡೆಯದೆ ಮನೆಯ ನಟ್ಟನಡುವೆಯೇ ಬರಮಾಡಿಕೊಳ್ಳುವ ಈ ಏರ್ಪಾಡು ಅಚ್ಚರಿ ಹುಟ್ಟಿಸಿತು. ರಾಜನ ಶಯನಗೃಹದ ಗೋಡೆಗಳ ತುಂಬ ರಾಮಾಯಣದ ಭಿತ್ತಿಚಿತ್ರಗಳಿವೆ. ಕೆಂಪು, ಹಳದಿ, ಹಸಿರು ಬಣ್ಣದ ಆಕೃತಿಗಳು ಒಂದರ ಪಕ್ಕ ಒಂದು ಎಷ್ಟು ಒತ್ತಾಗಿವೆಯೆಂದರೆ ಕಥೆಯ ಎಳೆ ಹಿಡಿಯಲು ಅರ್ಧ ಗಂಟೆಯಾದರೂ ಬೇಕು. ಗೋವರ್ಧನ ಗಿರಿಯನ್ನು ಎತ್ತಿ ಹಿಡಿದ ಕೃಷ್ಣನೂ ಅರಮನೆಯ ಚಿತ್ರಗಳಲ್ಲಿದ್ದಾನೆ. ಇಂದ್ರನ ಮಳೆಯಿಂದ ಗೋಕುಲವನ್ನು ಕಾಯ್ದ ಆ ಪ್ರಸಂಗವನ್ನು ಹೊರಗೆ ಜಡಿಮಳೆ ಬೀಳುತ್ತಿರುವಾಗಲೇ ನೋಡುವ ಭಾಗ್ಯ ಬೇಸಿಗೆಯ ಪ್ರವಾಸಿಗಳಿಗೆ ಸಿಗುವುದಿಲ್ಲ. ಗುಂಪಿನೊಡನೆ ಹೋದವರು ಹತ್ತು ನಿಮಿಷಕ್ಕೆ ಹೊರಡುತ್ತಾರೆ. ಒಬ್ಬರೇ ಹೋದವರಿಗೆ ಮಳೆ ನಿಲ್ಲುವವರೆಗೂ ನಿಂತು ನೋಡುವ ಸ್ವಾತಂತ್ರ್ಯವಿದೆ, ಅದನ್ನು ಪೂರ್ತಿಯಾಗಿ ಬಳಸಿಕೊಳ್ಳಿ.

ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರವಾದ 1568ರ ಪರದೇಶಿ ಸಿನಗಾಗ್ ಸಿಗುತ್ತದೆ. ಅದರ ನೆಲಕ್ಕೆ ಹಾಸಿರುವ, ಕೈಯಿಂದ ಚಿತ್ರಿಸಿದ ನೀಲಿ-ಬಿಳಿ ಚೀನೀ ಬಿಲ್ಲೆಗಳನ್ನು ಬರಿಗಾಲಲ್ಲೇ ದಾಟಬೇಕಾಗುವುದರಿಂದ ಒದ್ದೆ ಕಾಲನ್ನು ಒರೆಸಿಕೊಳ್ಳಲು ಒಂದು ಬಟ್ಟೆ ಜೊತೆಗಿರಲಿ. ವಾರದ ದಿನವನ್ನು ಮೊದಲೇ ನೋಡಿಕೊಳ್ಳಿ: ಅರಮನೆಗೆ ಶುಕ್ರವಾರ ರಜೆ, ಸಿನಗಾಗ್‌ಗೆ ಶನಿವಾರ ಮತ್ತು ಯಹೂದಿ ಹಬ್ಬಗಳಂದು ರಜೆ.

ನನ್ನ ಮಟ್ಟಿಗೆ ಆ ದಿನದ ಶ್ರೇಷ್ಠ ಭಾಗವೆಂದರೆ ಟಿಕೆಟ್ಟೇ ಇಲ್ಲದ ಬಜಾರ್ ರಸ್ತೆ. ಮಟ್ಟಾಂಚೇರಿಯಿಂದ ಫೋರ್ಟ್ ಕೊಚ್ಚಿಯ ಕಡೆಗೆ ನೀರಿನ ಅಂಚಿನಲ್ಲಿ ಸಾಗುವ ಈ ರಸ್ತೆಯ ಹಳೆಯ ಗೋದಾಮುಗಳ ಒಂದು ಬಾಗಿಲು ಬೀದಿಗೆ, ಇನ್ನೊಂದು ಬಾಗಿಲು ದೋಣಿಯಿಂದ ಸರಕು ಇಳಿಸಲು ಹಿನ್ನೀರಿಗೆ ತೆರೆಯುತ್ತಿದ್ದವು. ಮಳೆ ಜೋರಾದಾಗ ಟಾರ್ಪಾಲು ಎಳೆದು ಮೂಟೆಗಳನ್ನು ಮುಚ್ಚುವ ಹಮಾಲರ ಅವಸರ, ತೇವದ ಗಾಳಿಯಲ್ಲಿ ದಟ್ಟವಾಗುವ ಒಣಶುಂಠಿ ಮತ್ತು ಮೆಣಸಿನ ಘಾಟು ಸೇರಿ ಈ ಊರಿನ ವ್ಯಾಪಾರದ ಚರಿತ್ರೆಯನ್ನು ಯಾವ ಫಲಕಕ್ಕಿಂತಲೂ ಚೆನ್ನಾಗಿ ತಿಳಿಸುತ್ತವೆ. ನಾನು ಒಂದು ಗೋದಾಮಿನ ಸೂರಿನಡಿ ನಿಂತಿದ್ದಾಗ ಒಳಗಿದ್ದ ಹಿರಿಯರೊಬ್ಬರು ಏನೂ ಕೇಳದೆ ಮೂಟೆಯೊಂದನ್ನು ಸರಿಸಿ ಕೂರಲು ಜಾಗ ಮಾಡಿಕೊಟ್ಟರು. ಅವರಿಗೆ ಕನ್ನಡ ಬಾರದು, ನನಗೆ ಮಲಯಾಳಂ ಬಾರದು. ಆದರೂ ನಾನು ಮೇಲಿನ ಹೆಂಚುಗಳನ್ನು ತೋರಿಸಿ ‘ಮಂಗಳೂರು’ ಎಂದಾಗ ಅವರು ನಕ್ಕು ತಲೆಯಾಡಿಸಿದರು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ತಯಾರಿಸಲು ಆರಂಭಿಸಿದ ಮಾದರಿಯ ಹೆಂಚುಗಳು ಪಶ್ಚಿಮ ಕರಾವಳಿಯ ಉದ್ದಕ್ಕೂ ಹರಡಿವೆ. ಹತ್ತಿರದ ಚೇರಳಾಯಿಯಲ್ಲಿ ಗೋವಾ ಮೂಲದ ಗೌಡ ಸಾರಸ್ವತರ ತಿರುಮಲ ದೇವಸ್ಥಾನವಿದ್ದು, ಆ ಬೀದಿಗಳಲ್ಲಿ ಕೊಂಕಣಿ ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಊಟದ ಸಮಯಕ್ಕೆ ಸಣ್ಣ ಹೋಟೆಲೊಂದನ್ನು ಹೊಕ್ಕರೆ ಪದಿಮುಖಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ನಸುಗೆಂಪು ಬಿಸಿನೀರು ಕೊಡುತ್ತಾರೆ. ಮಳೆಗಾಲದಲ್ಲಿ ಅದನ್ನೇ ಕುಡಿಯಿರಿ. ಮೀನು ತಿನ್ನುವವರಾದರೆ, ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲಿಂಗ್ (ಯಾಂತ್ರಿಕ ದೋಣಿಗಳಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧವಿರುವುದರಿಂದ ಸಾಂಪ್ರದಾಯಿಕ ದೋಣಿಗಳವರು ಹಿಡಿದ ಮೀನು ಯಾವುದಿದೆಯೆಂದು ಕೇಳಿ ಆರಿಸಿಕೊಳ್ಳಿ. ಸಂಜೆ ಚಹಾದ ಜೊತೆ ಬಿಸಿ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ತಿನ್ನದೆ ಬರಬೇಡಿ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಅಷ್ಟೇ ಗಂಭೀರವಾಗಿ ಹೇಳಬೇಕು. ಬೆಳಿಗ್ಗೆ ಹೊರಡುವ ಮೊದಲು ಎರ್ನಾಕುಲಂ ಜಿಲ್ಲೆಗೆ ಹವಾಮಾನ ಇಲಾಖೆ ಯಾವ ಬಣ್ಣದ ಎಚ್ಚರಿಕೆ ಕೊಟ್ಟಿದೆಯೆಂದು ನೋಡಿ. ಹಳದಿಯೆಂದರೆ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆಯ ಸಾಧ್ಯತೆ. ನಾನು ಮೇಲೆ ಹೇಳಿದ್ದೆಲ್ಲ ಆ ಮಿತಿಯೊಳಗಿನ ದಿನಕ್ಕೆ ಅನ್ವಯಿಸುತ್ತದೆ. ಕಿತ್ತಳೆ ಇದ್ದರೆ ಅರಮನೆಯನ್ನಷ್ಟೇ ನೋಡಿ ಬೇಗ ಹಿಂತಿರುಗಿ. 204.4 ಮಿಲಿಮೀಟರ್‌ಗಿಂತ ಹೆಚ್ಚಿನ ಮಳೆಯನ್ನು ಸೂಚಿಸುವ ಕೆಂಪು ಇದ್ದರೆ ಕೋಣೆಯಲ್ಲೇ ಇರಿ, ಒಬ್ಬರೇ ಇರುವಾಗ ಸಾಹಸ ಬೇಡ. ಕಾಲಿನಲ್ಲಿ ಗಾಯವಿದ್ದರೆ ನಿಂತ ನೀರಿಗೆ ಇಳಿಯಲೇಬೇಡಿ. ಮಳೆಗಾಲದಲ್ಲಿ ಕೇರಳದಲ್ಲಿ ಇಲಿಜ್ವರ ಪ್ರತಿವರ್ಷ ಕಾಣಿಸಿಕೊಳ್ಳುತ್ತದೆ. ನೀರಿನ ದಡದಲ್ಲಿರುವ ದೊಡ್ಡ ಚೀನೀ ಮೀನುಬಲೆಗಳನ್ನೂ, ವಾಸ್ಕೋ ಡ ಗಾಮನನ್ನು 1524ರಲ್ಲಿ ಮೊದಲು ಹೂಳಿದ್ದ ಸೇಂಟ್ ಫ್ರಾನ್ಸಿಸ್ ಚರ್ಚನ್ನೂ ಮಳೆ ಬಿಡುವು ಕೊಡುವ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಗಾಳಿ ಜೋರಾದರೆ ದೋಣಿ ಸಂಚಾರ ನಿಲ್ಲಬಹುದಾದ್ದರಿಂದ, ಕತ್ತಲಾಗುವ ಮೊದಲೇ ಜೆಟ್ಟಿಗೆ ಬಂದು ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ವಿಚಾರಿಸಿ.