ಆರ್ಗ್ಯುಮೆಂಟ್‌ಗೆ ಯಾವ ಹೆಸರಿಡಬೇಕು?

ಪ್ರಶ್ನೆ: ಪೈಥಾನ್‌ನ ಪದ ಹುಡುಕಿ ಬದಲಿಸುವ ‘ಆರ್‌ಇ.ಸಬ್’ ಫಂಕ್ಷನ್‌ಗೆ ನಾಲ್ಕನೆಯದಾಗಿ, ದೊಡ್ಡಕ್ಷರ–ಚಿಕ್ಕಕ್ಷರದ ಭೇದ ಬೇಡ ಎನ್ನುವ ‘ಇಗ್ನೋರ್‌ಕೇಸ್’ ಕೊಟ್ಟೆ. ಮೊದಲ ಎರಡು ಪದಗಳಷ್ಟೇ ಬದಲಾದವು, ಎರರ್ ಕೂಡ ಬರಲಿಲ್ಲ. ಏಕೆ? — ಓದುಗರೊಬ್ಬರು, ಹಾಸನ

ಉತ್ತರ: ಅಲ್ಲಿ ಆರ್ಗ್ಯುಮೆಂಟ್‌ಗಳ, ಅಂದರೆ ಫಂಕ್ಷನ್‌ಗೆ ಕೊಡುವ ಬೆಲೆಗಳ, ಸಾಲು ಹೀಗಿದೆ: ಪ್ಯಾಟರ್ನ್ (ಹುಡುಕಬೇಕಾದ್ದು), ರೆಪ್ಲ್ (ಅದರ ಬದಲಿಗೆ ಬರುವುದು), ಸ್ಟ್ರಿಂಗ್ (ಮೂಲ ಪಠ್ಯ), ಕೌಂಟ್, ಫ್ಲ್ಯಾಗ್ಸ್ (ಇಗ್ನೋರ್‌ಕೇಸ್‌ನಂಥ ಆಯ್ಕೆಗಳು). ನಾಲ್ಕನೆಯದು ‘ಕೌಂಟ್’, ಅಂದರೆ ಎಷ್ಟು ಸಲ ಬದಲಿಸಬೇಕು ಎಂಬ ಲೆಕ್ಕ. ಇಗ್ನೋರ್‌ಕೇಸ್‌ನ ಒಳಬೆಲೆ 2. ಪೈಥಾನ್ ಅದನ್ನು ‘ಎರಡೇ ಸಲ ಬದಲಿಸು’ ಎಂದು ಓದಿಕೊಂಡಿತು. ದೊಡ್ಡಕ್ಷರ–ಚಿಕ್ಕಕ್ಷರದ ಭೇದವೂ ಹಾಗೇ ಉಳಿಯಿತು. ‘ಫ್ಲ್ಯಾಗ್ಸ್=’ ಎಂದು ಹೆಸರು ಹಿಡಿದೇ ಕೊಡಿ. ಪೈಥಾನ್ 3.13ರಿಂದ ಕೌಂಟ್, ಫ್ಲ್ಯಾಗ್ಸ್ ಇವೆರಡನ್ನು ಹೆಸರಿಲ್ಲದೆ ಕೊಟ್ಟರೆ ಎಚ್ಚರಿಕೆ ಬರುತ್ತದೆ. ನೀವೇ ಫಂಕ್ಷನ್ ಬರೆಯುವಾಗ ಕಡ್ಡಾಯ ಆರ್ಗ್ಯುಮೆಂಟ್‌ಗಳು ಮುಗಿದ ಕೂಡಲೇ ಒಂದು ನಕ್ಷತ್ರಚಿಹ್ನೆ (*) ಹಾಕಿ. ಅದರಾಚೆಗಿನದ್ದನ್ನು ಹೆಸರಿಲ್ಲದೆ ಕೊಡಲು ಬರುವುದೇ ಇಲ್ಲ.

ಪ್ರಶ್ನೆ: ನಮ್ಮ ಕೋಡ್ ಲೈಬ್ರರಿಯಲ್ಲಿ ಆರ್ಗ್ಯುಮೆಂಟ್‌ನ ಹೆಸರು ಒಂದು ಕಡೆ ‘ಫೈಲ್’, ಒಂದು ಕಡೆ ‘ಫೈಲ್‌ನೇಮ್’, ಮತ್ತೊಂದು ಕಡೆ ‘ಪಾತ್’ ಇದೆ. ಮೂರೂ ಒಂದೇ. ಡಾಕ್ಯುಮೆಂಟೇಶನ್‌ನಲ್ಲಿ ವಿವರಿಸಿದರೆ ಸಾಲದೇ? — ಓದುಗರೊಬ್ಬರು, ಮೈಸೂರು

ಉತ್ತರ: ಸಾಲದು. ಎಡಿಟರ್ ತೋರಿಸುವ ಹೆಸರನ್ನಷ್ಟೇ ನೋಡಿ ಕೋಡ್ ಬರೆಯುವವರು ಬಹಳ. ‘ಫೈಲ್’ ಎಂದರೆ ಅವರು ಆಗಲೇ ತೆರೆದಿರುವ ಫೈಲನ್ನು ಕಳಿಸುತ್ತಾರೆ, ‘ಫೈಲ್‌ನೇಮ್’ ಎಂದರೆ ಫೋಲ್ಡರ್ ಬಿಟ್ಟು ಬರೀ ಹೆಸರನ್ನು. ನಿಮಗೆ ಬೇಕಿರುವುದು ಪೂರ್ತಿ ದಾರಿಯಾದರೆ ಎಲ್ಲ ಕಡೆ ‘ಪಾತ್’ ಎಂದೇ ಇರಲಿ.

ಹೊರಗಿನವರು ಬಳಸುವ ಫಂಕ್ಷನ್‌ಗಳನ್ನೆಲ್ಲ ಒಂದು ಶೀಟ್‌ಗೆ ಇಳಿಸಿ: ಫಂಕ್ಷನ್, ಆರ್ಗ್ಯುಮೆಂಟ್, ಅದರ ಅರ್ಥ, ಅಳತೆಯ ಘಟಕ. ಮೊದಲು ಅರ್ಥದ ಪ್ರಕಾರ ಜೋಡಿಸಿ ನೋಡಿ, ಆಮೇಲೆ ಹೆಸರಿನ ಪ್ರಕಾರ. ಒಂದೇ ಅರ್ಥಕ್ಕೆ ಮೂರು ಹೆಸರಿದ್ದರೆ ಕಿರಿಕಿರಿ, ಅಷ್ಟೆ. ಒಂದೇ ಹೆಸರಿಗೆ ಎರಡು ಅರ್ಥವಿದ್ದರೆ ಲೆಕ್ಕವೇ ತಪ್ಪುತ್ತದೆ. ಅದನ್ನು ಮೊದಲು ಸರಿಮಾಡಿ. ಘಟಕದ ಕಾಲಂ ಖಾಲಿ ಬಿಡಬೇಡಿ. ಜಾವಾದ ‘ಸ್ಲೀಪ್’ಗೆ ಬೇಕಿರುವುದು ಮಿಲಿಸೆಕೆಂಡು, ಪೈಥಾನ್‌ನದಕ್ಕೆ ಸೆಕೆಂಡು. ಎರಡರಲ್ಲೂ ಕೈಯಾಡಿಸಿದವರಿಗೆ ‘ಟೈಮ್‌ಔಟ್=30’ ಏನನ್ನೂ ಹೇಳುವುದಿಲ್ಲ; ‘ಟೈಮ್‌ಔಟ್_ಸೆಕೆಂಡ್ಸ್=30’ ಎಲ್ಲವನ್ನೂ ಹೇಳುತ್ತದೆ. ‘ನೋ_ಹೆಡರ್=ಫಾಲ್ಸ್’ನಂಥ ಇಮ್ಮಡಿ ನಿಷೇಧವೂ ಬೇಡ, ‘ಹೆಡರ್=ಟ್ರೂ’ ಸಾಕು.

ಕೋಡ್‌ನಲ್ಲಿ ಹೆಸರು ಬದಲಾಗಿ ಡಾಕ್‌ಸ್ಟ್ರಿಂಗ್‌ನಲ್ಲಿ (ಫಂಕ್ಷನ್‌ನೊಳಗೇ ಬರೆಯುವ ವಿವರಣೆಯಲ್ಲಿ) ಹಳೆಯದೇ ಉಳಿಯುವುದು ತೀರಾ ಸಾಮಾನ್ಯ. ಪೈಥಾನ್‌ನ ಗಣಿತದ ಲೈಬ್ರರಿ ನಂಪೈನ ಶೈಲಿಯಲ್ಲಿ ಅದನ್ನು ಬರೆಯುವವರಾದರೆ ನಂಪೈಡಾಕ್ ಎಂಬ ಸಾಧನದ ವ್ಯಾಲಿಡೇಶನ್ (ತಪ್ಪು ಹುಡುಕುವ ಪರಿಶೀಲನೆ) ಓಡಿಸಿ, ಫಂಕ್ಷನ್‌ನಲ್ಲಿ ಇಲ್ಲದ ಹೆಸರು ಡಾಕ್‌ಸ್ಟ್ರಿಂಗ್‌ನಲ್ಲಿದ್ದರೆ ತೋರಿಸಿಕೊಡುತ್ತದೆ.

ಪ್ರಶ್ನೆ: ಈಗ ಹೆಸರು ಬದಲಿಸಿದರೆ ಬಳಕೆದಾರರ ಕೋಡ್ ಮುರಿಯುವುದಿಲ್ಲವೇ? — ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹೆಸರು ಹಿಡಿದು ಕರೆದವರ ಕೋಡ್ ಖಂಡಿತ ಮುರಿಯುತ್ತದೆ. ಪಿಎಚ್‌ಪಿ ಭಾಷೆಯಲ್ಲಿ 2020ರ ನವೆಂಬರ್‌ನಲ್ಲಿ 8.0 ಬರುವವರೆಗೆ ಆರ್ಗ್ಯುಮೆಂಟ್‌ನ ಹೆಸರು ಒಳಗಿನ ವಿಷಯವಾಗಿತ್ತು. ಹೆಸರು ಹಿಡಿದು ಕರೆಯುವ ಸೌಲಭ್ಯ ಬಂದ ಮೇಲೆ ಅದೂ ಬಳಕೆದಾರರಿಗೆ ಕೊಟ್ಟ ಮಾತಾಯಿತು. ಹಾಗಾಗಿ ಹಳೆಯ ಹೆಸರನ್ನು ಕನಿಷ್ಠ ಒಂದು ಆವೃತ್ತಿಯವರೆಗಾದರೂ ಉಳಿಸಿ. ಯಾರಾದರೂ ಹಳೆಯ ಹೆಸರಿನಲ್ಲಿ ಕರೆದರೆ ‘ಡೆಪ್ರಿಕೇಶನ್‌ವಾರ್ನಿಂಗ್’ (ಇದು ಮುಂದೆ ಹೋಗಲಿದೆ ಎಂಬ ಎಚ್ಚರಿಕೆ) ಕೊಟ್ಟು ಬೆಲೆಯನ್ನು ಹೊಸ ಹೆಸರಿಗೆ ದಾಟಿಸಿ. ಎರಡೂ ಹೆಸರು ಒಟ್ಟಿಗೆ ಬಂದರೆ ‘ಟೈಪ್‌ಎರರ್’ ಎಂಬ ಎರರ್ ಕೊಟ್ಟು ನಿಲ್ಲಿಸಿ. ಎಚ್ಚರಿಕೆಯ ಸಾಲಿನಲ್ಲಿ ಹಳೆಯ ಹೆಸರು, ಹೊಸ ಹೆಸರು, ಯಾವ ಆವೃತ್ತಿಯಲ್ಲಿ ತೆಗೆಯುತ್ತೀರಿ ಎಂಬ ಮೂರೂ ಇರಲೇಬೇಕು.