ಐಟಿ ಕೆಲಸದಲ್ಲಿದ್ದುಕೊಂಡು ಬಿ.ಕ್ಲಿಪ್ ತರಬೇತಿಗೆ ಸೇರಿದರೆ ಸರ್ಟಿಫಿಕೇಟ್ ಬಿಟ್ಟು ಬೇರೇನಾದರೂ ಸಿಗುತ್ತದೆಯೇ?

ಸಿಗುತ್ತದೆ. ಆದರೆ ಅದು ಸಿಗುವುದು ತರಗತಿಗಿಂತ ಹೆಚ್ಚಾಗಿ ನಿಮ್ಮ ವಾರ್ಡ್‌ನ ಬೀದಿಯಲ್ಲಿ. ಸಾಫ್ಟ್‌ವೇರ್ ಕೆಲಸ, ಮನೆ, ಮಕ್ಕಳ ನಡುವೆ ಸಮಯ ಸಾಲುತ್ತದೆಯೇ ಎಂದೂ ಕೇಳಿದ್ದೀರಿ. ವಾರಕ್ಕೆ ಐದಾರು ಗಂಟೆ ಎತ್ತಿಡಲು ಆಗದಿದ್ದರೆ ಈ ವರ್ಷ ಬೇಡ, ಮುಂದಿನ ಬ್ಯಾಚ್ ನೋಡಿ.

ಹೊಸಬರಿಗಾಗಿ ಎರಡು ಮಾತು: ಬಿ.ಕ್ಲಿಪ್ ಎಂದರೆ 2013ರಲ್ಲಿ ಶುರುವಾದ ಬೆಂಗಳೂರಿನ ನಾಗರಿಕ ಸಂಸ್ಥೆ ಬಿ.ಪ್ಯಾಕ್ ನಡೆಸುವ ಒಂಬತ್ತು ತಿಂಗಳ ನಾಗರಿಕ ನಾಯಕತ್ವ ತರಬೇತಿ. ನಗರಾಡಳಿತದ ಪಾಠದ ಜೊತೆಗೆ ತಮ್ಮ ವಾರ್ಡ್‌ನಲ್ಲೇ ಒಂದು ಕೆಲಸ ಮಾಡಿ ತೋರಿಸಬೇಕು.

ಪಾಠದಿಂದ ಆಗುವ ದೊಡ್ಡ ಉಪಕಾರ ಎಂದರೆ ಯಾವುದು ಯಾರ ಕೆಲಸ ಎಂಬುದು ತಿಳಿಯುತ್ತದೆ. ಒಂದೇ ರಸ್ತೆಯಲ್ಲಿ ಒಳಚರಂಡಿ ಜಲಮಂಡಳಿಯದು, ಮಳೆನೀರಿನ ಮೋರಿ ಪಾಲಿಕೆಯದು, ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು, ಬೀದಿದೀಪ ಮತ್ತೆ ಪಾಲಿಕೆಯದು. ನೀರು ಉಕ್ಕುತ್ತಿರುವುದು ಮ್ಯಾನ್‌ಹೋಲ್‌ನಿಂದಲೋ ಮೋರಿಯಿಂದಲೋ ನೋಡದೆ ದೂರು ಕೊಟ್ಟರೆ, ಅದು ಇಲಾಖೆಯಿಂದ ಇಲಾಖೆಗೆ ಸುತ್ತಿ ಕೊನೆಗೆ 'ಪರಿಹರಿಸಲಾಗಿದೆ' ಎಂದು ಮುಚ್ಚಿಹೋಗುತ್ತದೆ. ಇನ್ನೊಂದು ವಿಷಯ: 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು, ವಾರ್ಡ್ ಗಡಿಗಳೂ ಬದಲಾದವು. ಹಳೆಯ 198 ವಾರ್ಡ್‌ಗಳ ನಕ್ಷೆ ಹಿಡಿದು ಹೊರಟರೆ ಮೊದಲ ಹೆಜ್ಜೆಯೇ ತಪ್ಪು.

ಪ್ರಾಜೆಕ್ಟ್ ಆರಿಸುವಾಗ ಚಿಕ್ಕದನ್ನೇ ಆರಿಸಿ. 'ನಮ್ಮ ವಾರ್ಡ್ ಕಸಮುಕ್ತ' ಎಂಬುದು ಘೋಷಣೆಯಾಯಿತು. ಒಂದು ಮೂಲೆಯ ಒಂದು ಬ್ಲ್ಯಾಕ್ ಸ್ಪಾಟ್, ಅಂದರೆ ಜನ ದಿನವೂ ಕಸ ಸುರಿಯುವ ಜಾಗ, ತೆಗೆಯುವುದು ಪ್ರಾಜೆಕ್ಟ್. ಅದನ್ನು ತೆಗೆಯುವ ಕ್ರಮ ಹೀಗೆ. ಮೊದಲ ಏಳು ದಿನ ಏನನ್ನೂ ಸ್ವಚ್ಛ ಮಾಡಬೇಡಿ, ನೋಡಿ. ಬೆಳಿಗ್ಗೆ 6ರಿಂದ 9, ರಾತ್ರಿ 8ರಿಂದ 11, ಇಬ್ಬರಿಬ್ಬರು ಸರದಿಯಲ್ಲಿ ನಿಂತು ಕಸ ಹಾಕುವವರು ಯಾರು, ಎಷ್ಟು ಹೊತ್ತಿಗೆ, ಎಂಥ ಕಸ ಎಂದು ಬರೆದುಕೊಳ್ಳಿ. ಸಾಮಾನ್ಯವಾಗಿ ಮೂರು ಥರದವರು ಸಿಗುತ್ತಾರೆ: ಆಟೋ ಟಿಪ್ಪರ್ ಬರುವ ಮೊದಲೇ ಕೆಲಸಕ್ಕೆ ಹೊರಡುವ ಬಾಡಿಗೆ ಮನೆಯವರು, ರಾತ್ರಿ ಬಾಗಿಲು ಹಾಕುವ ಅಂಗಡಿ–ಹೋಟೆಲಿನವರು, ಗಾಡಿ ಒಳಗೇ ಹೋಗದ ಕಿರುಓಣಿಯ ಮನೆಗಳವರು. ಮೂವರಿಗೂ ಒಂದೇ ಮದ್ದು ನಡೆಯುವುದಿಲ್ಲ. ಮೊದಲನೆಯವರಿಗೆ ಟಿಪ್ಪರ್ ಸಮಯ ಬದಲಾಗಬೇಕು ಅಥವಾ ಮನೆ ಮಾಲೀಕರ ಗೇಟಿನೊಳಗೆ ಡಬ್ಬ ಇಡಬೇಕು. ಅಂಗಡಿಯವರಿಗೆ ಪ್ರತ್ಯೇಕ ಗಾಡಿ ಗೊತ್ತುಮಾಡಬೇಕು. ಓಣಿಗೆ ತಳ್ಳುಗಾಡಿ ಬೇಕು.

ಇದನ್ನು ಮಾತಾಡಬೇಕಾದದ್ದು ಆಯುಕ್ತರ ಜೊತೆಯಲ್ಲ, ಟಿಪ್ಪರ್ ಚಾಲಕ ಮತ್ತು ಪೌರಕಾರ್ಮಿಕರ ಮೇಸ್ತ್ರಿಯ ಜೊತೆ. ಗಾಡಿ ಎಲ್ಲಿ ತುಂಬಿಬಿಡುತ್ತದೆ, ಯಾವ ಬೀದಿ ಬಿಟ್ಟುಹೋಗುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಈ ವ್ಯವಸ್ಥೆ ಆದಮೇಲೆ ಜಾಗ ತೆಗೆಸಿ, ತೊಳೆಸಿ, ರಂಗೋಲಿ ಹಾಕಿ. ನಂತರ ಮೂರು ವಾರ ಬೆಳಿಗ್ಗೆ–ರಾತ್ರಿ ಅಲ್ಲೇ ನಿಲ್ಲಿ. ಮೊದಲೇ ಬಣ್ಣ ಬಳಿದು ಫೋಟೊ ಹಾಕಿದ ಮೂಲೆಗಳಲ್ಲಿ ಕಸ ಹತ್ತು ದಿನದೊಳಗೆ ವಾಪಸ್ ಬರುತ್ತದೆ, ಏಕೆಂದರೆ ಕಸ ಹಾಕುವವರ ಕಾರಣ ಹಾಗೇ ಉಳಿದಿರುತ್ತದೆ.

ನಿಮ್ಮ ಪ್ರಾಜೆಕ್ಟ್ ರಸ್ತೆಯಂಥ ಕಾಮಗಾರಿ ವಿಷಯವಾದರೆ ಮಾಹಿತಿ ಹಕ್ಕು ಅರ್ಜಿ ಬರೆಯಲು ಕಲಿಯಿರಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 'ರಸ್ತೆ ಯಾಕೆ ಇಷ್ಟು ಬೇಗ ಕಿತ್ತುಹೋಯಿತು?' ಎಂದು ಕೇಳಿದರೆ ಪ್ರಯೋಜನವಿಲ್ಲ, ಅಭಿಪ್ರಾಯ ಹೇಳುವ ಹೊಣೆ ಅವರಿಗಿಲ್ಲ. ಕಾರ್ಯಾದೇಶದ ಪ್ರತಿ, ಅಂದಾಜು ಪಟ್ಟಿ, ಎಂಬಿ (ಕಾಮಗಾರಿಯ ಅಳತೆ) ಪುಸ್ತಕದ ಪುಟಗಳು, ಬಿಲ್ ಪ್ರತಿ ಕೇಳಿ. ಎಂಬಿ ಪುಸ್ತಕದಲ್ಲಿ ಉದ್ದ, ಅಗಲ, ದಪ್ಪ ಬರೆದಿರುತ್ತದೆ. ಟೇಪು ಹಿಡಿದು ಹೋಗಿ ಅಳೆದರೆ ಮಾತು ಅಲ್ಲಿಗೆ ಮುಗಿಯುತ್ತದೆ.

ಕಂಪನಿ ಕೆಲಸದ ಅಭ್ಯಾಸಗಳು ಇಲ್ಲಿ ಸ್ವಲ್ಪ ತೊಡಕು ಮಾಡುತ್ತವೆ. ಎಕ್ಸೆಲ್ ಶೀಟ್, ನಕ್ಷೆ, ಗಡುವು ಇವೆಲ್ಲ ಉಪಯೋಗಕ್ಕೆ ಬರುತ್ತವೆ, ಖಂಡಿತ. ಆದರೆ ವಾರ್ಡ್‌ನ ಎಇ (ಸಹಾಯಕ ಎಂಜಿನಿಯರ್) ಅವರನ್ನು ದಾಟಿ ನೇರ ಮೇಲಧಿಕಾರಿಗೆ ಟ್ವೀಟ್ ಮಾಡಿದರೆ ಒಂದು ಗುಂಡಿ ಮುಚ್ಚಬಹುದು. ಆಮೇಲೆ ಆ ಎಇ ನಿಮ್ಮ ಫೋನ್ ಎತ್ತುವುದಿಲ್ಲ. ಜೊತೆಗೆ ಅಧಿಕಾರಿಗಳಿಗೆ ವರ್ಗಾವಣೆ ಆಗುತ್ತಿರುತ್ತದೆ. ಬಾಯಿಮಾತಿನ ಒಪ್ಪಿಗೆಯೆಲ್ಲ ಅವರ ಜೊತೆಗೇ ಹೋಗುತ್ತದೆ, ಆದ್ದರಿಂದ ಪ್ರತಿಯೊಂದನ್ನೂ ವಾರ್ಡ್ ಸಮಿತಿಯ ನಡಾವಳಿಯಲ್ಲಿ ಬರೆಸಿ.

ಇನ್ನೊಂದು ತಪ್ಪು ನನಗೆ ಹೆಚ್ಚು ನೋವು ಕೊಡುವಂಥದ್ದು: ಅಪಾರ್ಟ್‌ಮೆಂಟಿನವರ ಸಮಸ್ಯೆಯನ್ನೇ ವಾರ್ಡ್‌ನ ಸಮಸ್ಯೆ ಎಂದುಕೊಳ್ಳುವುದು. ಬಿಬಿಎಂಪಿ ಕಾಲದ ಕಾನೂನು ವಾರ್ಡ್ ಸಮಿತಿಯ ಹತ್ತು ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ–ಪಂಗಡದವರು, ಇಬ್ಬರು ನಿವಾಸಿ ಸಂಘಗಳವರು ಇರಬೇಕೆಂದು ಹೇಳಿದ್ದು ಸುಮ್ಮನೆ ಅಲ್ಲ. ಪಾರ್ಕಿನಲ್ಲಿ ಜಿಮ್ ಬೇಕೆನ್ನುವ ಬೀದಿಯ ಹಿಂದೆಯೇ ಮೂರು ದಿನಕ್ಕೊಮ್ಮೆ ನೀರು ಬಿಡುವ ಕಾಲೊನಿ ಇರುತ್ತದೆ. ಅಲ್ಲಿನವರು ನಿಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಇರುವುದಿಲ್ಲ, ನೀವೇ ಹೋಗಬೇಕು. ಭಾನುವಾರ ಬೆಳಿಗ್ಗೆ, ನೀರು ಬರುವ ಹೊತ್ತಿಗೆ ಹೋದರೆ ಎಲ್ಲರೂ ನಲ್ಲಿಯ ಬಳಿಯೇ ಸಿಗುತ್ತಾರೆ.

ಅರ್ಜಿ ತುಂಬುವ ಮೊದಲೇ ನಿಮ್ಮ ವಾರ್ಡ್ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಎಇ, ಆರೋಗ್ಯ ನಿರೀಕ್ಷಕರ ಹೆಸರು ಮತ್ತು ನಂಬರ್ ಬರೆದುಕೊಳ್ಳಿ, ಹಿಂದಿನ ವಾರ್ಡ್ ಸಭೆಯ ನಡಾವಳಿ ಪ್ರತಿ ಕೇಳಿ. ಸಿಕ್ಕರೆ ಅದರಲ್ಲೇ ನಿಮ್ಮ ಪ್ರಾಜೆಕ್ಟ್ ಇರುತ್ತದೆ. ಸಿಗದಿದ್ದರೆ ಅದನ್ನು ಪಡೆಯುವುದನ್ನೇ ಮೊದಲ ಪ್ರಾಜೆಕ್ಟ್ ಮಾಡಿಕೊಳ್ಳಿ.